ಸ್ಕ್ವಾಟ್‌ನಲ್ಲಿ ಹಿಮ್ಮಡಿ ಏಳುತ್ತೆ, ಬೆನ್ನು ಬಾಗುತ್ತೆ: ಮೊದಲು ಫಾರ್ಮ್ ಸರಿ ಮಾಡ್ಕೊಳ್ಲಾ, ಪ್ರೋಗ್ರಾಂ ಶುರು ಮಾಡ್ಲಾ?

ನೀವು ಬರೆದದ್ದು ಇಷ್ಟು: ಜಿಮ್ ಸೇರಿ ಎಂಟು ತಿಂಗಳು, ದೇಹದ ತೂಕ 72 ಕೆ.ಜಿ. ಸ್ಕ್ವಾಟ್‌ನಲ್ಲಿ (ಬಾರ್ ಹೆಗಲ ಮೇಲೆ ಹೊತ್ತು ಕೂತು ಏಳುವುದು) 100 ಕೆ.ಜಿ. ಮೂರು ಸಲ ಆಗುತ್ತೆ, ಆದರೆ ಜೊತೆಯವರು 'ಅರ್ಧಕ್ಕೇ ಎದ್ದುಬಿಡ್ತೀಯ' ಅಂತಾರೆ. ಇನ್ನೂ ಕೆಳಗೆ ಹೋದರೆ ಹಿಮ್ಮಡಿ ಏಳುತ್ತೆ, ಬೆನ್ನು ಮುಂದಕ್ಕೆ ಬೀಳುತ್ತೆ. ಮುಂದಿನ ವರ್ಷ ಜಿಲ್ಲಾ ಮಟ್ಟದ ಪವರ್‌ಲಿಫ್ಟಿಂಗ್ ಸ್ಪರ್ಧೆಗೆ ಇಳಿಯುವ ಆಸೆ ಇದೆ. 5×5, 5/3/1, ಸ್ಮೊಲೊವ್, ಈ ಮೂರು ಪ್ರೋಗ್ರಾಂಗಳಲ್ಲಿ ಯಾವುದು? ಇಲ್ಲಾಂದ್ರೆ ಫಾರ್ಮ್ ಸರಿ ಹೋಗೋವರೆಗೆ ಪ್ರೋಗ್ರಾಂ ಮುಟ್ಟಲೇಬಾರದಾ?

ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಕೊಡುತ್ತೇನೆ. ಫಾರ್ಮ್, ಪ್ರೋಗ್ರಾಂ ಎರಡು ಬೇರೆ ಕೆಲಸ ಅಲ್ಲ. ವಿಡಿಯೋ ನೋಡಿ ಫಾರ್ಮ್ ಬರುವುದಿಲ್ಲ, ಸರಿಯಾದ ರೆಪ್ (ಒಂದು ಸಲ ಇಳಿದು ಏಳುವುದು) ನೂರಾರು ಸಲ ಮಾಡಿದರೆ ಬರುತ್ತದೆ. ಆ ರೆಪ್‌ಗಳನ್ನು ವಾರಕ್ಕೆ ಎಷ್ಟು ಸಲ, ಎಷ್ಟು ತೂಕದಲ್ಲಿ ಮಾಡಬೇಕು ಅನ್ನುವ ಲೆಕ್ಕವೇ ಪ್ರೋಗ್ರಾಂ. ಹಾಗಾಗಿ ನಿಮ್ಮ ಫಾರ್ಮ್ ಕೆಡದ ತೂಕದಲ್ಲಿ ಜಾಸ್ತಿ ರೆಪ್ ಮಾಡಿಸುವ ಪ್ರೋಗ್ರಾಂ ಯಾವುದೋ, ನಿಮಗೆ ಅದೇ ಒಳ್ಳೆಯದು. ಅದು ನೋಡೋಕೆ ತುಂಬಾ ಸಪ್ಪೆಯಾಗಿರುತ್ತೆ, ಈಗಲೇ ಹೇಳಿಬಿಡುತ್ತೇನೆ.

ನಾನು ಕೋಚ್ ಅಲ್ಲ. ಕೆಲಸ ಮುಗಿಸಿ ಸಂಜೆ ಲಿಫ್ಟ್ ಮಾಡುವವನು. ಸ್ಪರ್ಧಿಸಿದ್ದೂ ಇದೆ, ಅದಕ್ಕಿಂತ ಹೆಚ್ಚಾಗಿ ಸ್ಪರ್ಧೆಗಳಲ್ಲಿ ಬಾರ್‌ಗೆ ಪ್ಲೇಟ್ ಹಾಕುವ ಕೆಲಸ ಮಾಡಿದ್ದೇನೆ. ಆ ಜಾಗದಿಂದ ಲಿಫ್ಟರ್‌ನ ಸೊಂಟ, ಮಂಡಿ ಎರಡೂ ಒಂದು ಮಾರು ದೂರದಲ್ಲಿ ಕಾಣುತ್ತವೆ. ಒಂದು ಸಲ ಕಾಲೇಜು ಹುಡುಗನೊಬ್ಬ 160 ಕೆ.ಜಿ. ಹೊತ್ತು ಸಲೀಸಾಗಿ ಎದ್ದ. ಗೆಳೆಯರೆಲ್ಲ ಶಿಳ್ಳೆ ಹೊಡೆದರು. ಮೂವರು ರೆಫರಿಗಳ ಮೂರು ದೀಪದಲ್ಲಿ ಎರಡು ಕೆಂಪು, ಅಂದರೆ ಲಿಫ್ಟ್ ಲೆಕ್ಕಕ್ಕಿಲ್ಲ. ಅವನು ರೆಫರಿ ಮುಖ ನೋಡಿದ, ಆಮೇಲೆ ತನ್ನ ಕೋಚ್ ಮುಖ ನೋಡಿದ. ಕೋಚ್ ಅಂಗೈಯನ್ನು ನೆಲದ ಕಡೆ ಒತ್ತಿ ತೋರಿಸಿದರು, ಇನ್ನೂ ಕೆಳಗೆ. ಎರಡನೇ ಅಟೆಂಪ್ಟ್‌ಗೂ ಅದೇ ತೂಕ. ಈ ಸಲ ಕೆಳಗೆ ಹೋದ, ಅಲ್ಲೇ ಕೂತ. ಬಾರ್ ಹಿಡಿದು ಎತ್ತಿದವರು ನಾವು.

ನಿಯಮ ಏನು ಅಂದರೆ, ಸೊಂಟ ಮಡಚುವ ಜಾಗದಲ್ಲಿ ತೊಡೆಯ ಮೇಲ್ಭಾಗ ಮಂಡಿಯ ಮೇಲ್ತುದಿಗಿಂತ ಕೆಳಗೆ ಹೋಗಬೇಕು. ಸಮ ಆದರೆ ಸಾಲದು. ಅಂದಮೇಲೆ ನಿಮ್ಮ 100 ಸದ್ಯಕ್ಕೆ ಸ್ಕ್ವಾಟ್ ಲೆಕ್ಕಕ್ಕೆ ಬರುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಆದರೆ ಪ್ರೋಗ್ರಾಂ ಆಯ್ಕೆ ನಿಂತಿರುವುದೇ ಈ ಸಂಖ್ಯೆಯ ಮೇಲೆ, ಅದಕ್ಕೇ ಹೇಳಿದೆ.

ಮೊದಲು ಹಿಮ್ಮಡಿ ವಿಷಯ ನೋಡೋಣ. ಬಾರ್ ಬಿಡಿ, ಶೂ ಬಿಚ್ಚಿ, ಸುಮ್ನೆ ಕುಕ್ಕರಗಾಲಲ್ಲಿ ಕೂತು ನೋಡಿ. ಹಿಮ್ಮಡಿ ನೆಲದಲ್ಲೇ ಇದೆಯಾ? ಅರ್ಧ ನಿಮಿಷ ಆರಾಮಾಗಿ ಕೂರೋಕೆ ಆಗುತ್ತಾ? ಆಗುತ್ತೆ ಅಂದರೆ ನಿಮ್ಮ ಕಣಕಾಲಿನಲ್ಲಿ ಏನೂ ತೊಂದರೆ ಇಲ್ಲ, ಸ್ಟ್ರೆಚಿಂಗ್ ವಿಡಿಯೋಗಳನ್ನು ಮರೆತುಬಿಡಿ. ಆಗದಿದ್ದರೆ ಇನ್ನೊಂದು ಪರೀಕ್ಷೆ ಮಾಡಿ. ಗೋಡೆಯಿಂದ ಸುಮಾರು ನಾಲ್ಕು ಇಂಚು ದೂರದಲ್ಲಿ ಹೆಬ್ಬೆರಳಿಟ್ಟು, ಹಿಮ್ಮಡಿ ಏಳಿಸದೆ ಮಂಡಿಯನ್ನು ಗೋಡೆಗೆ ಮುಟ್ಟಿಸಿ. ಮುಟ್ಟದಿದ್ದರೆ ಕಣಕಾಲು ಬಿಗಿ ಇದೆ ಅಂತ ಅರ್ಥ. ಅದನ್ನು ನಿಧಾನಕ್ಕೆ ಸಡಿಲ ಮಾಡಿಕೊಳ್ಳಿ. ಅಲ್ಲಿಯವರೆಗೆ ಕಾಲು ಸ್ವಲ್ಪ ಅಗಲಿಸಿ, ಪಾದ ಹೊರಕ್ಕೆ ತಿರುಗಿಸಿ. ಇಲ್ಲವೇ ಗಟ್ಟಿ ಹಿಮ್ಮಡಿಯ ವೇಟ್‌ಲಿಫ್ಟಿಂಗ್ ಶೂ ಹಾಕಿ. ರನ್ನಿಂಗ್ ಶೂ ಮಾತ್ರ ಬೇಡ. ಅದರ ಸ್ಪಂಜು ತೂಕ ಬಿದ್ದಾಗ ಒಂದೊಂದು ಕಡೆ ಒಂದೊಂದು ಥರ ಕುಸಿಯುತ್ತೆ. ಶಾಲೆಗೆ ಹಾಕುತ್ತಿದ್ದ ಕ್ಯಾನ್‌ವಾಸ್ ಶೂ ಅದಕ್ಕಿಂತ ಎಷ್ಟೋ ವಾಸಿ.

ಇನ್ನೊಂದು ಕೇಳಬೇಕು. ನೀವು ಮೊದಲು ಬಸ್ಕಿ ಹೊಡೆಯುತ್ತಿದ್ದಿರಾ? ಗರಡಿ ಮನೆಯ ಬಸ್ಕಿಯಲ್ಲಿ ಕೆಳಗೆ ಹೋದಾಗ ಹಿಮ್ಮಡಿ ಏಳುವುದೇ ಸರಿಯಾದ ಕ್ರಮ, ಮೈ ಮುಂಗಾಲಿನ ಮೇಲೆ ನಿಲ್ಲುತ್ತೆ. ನಮ್ಮ ಜಿಮ್‌ಗೆ ಕುಸ್ತಿ ಕಡೆಯಿಂದ ಬಂದ ಹುಡುಗರಲ್ಲಿ ಇದೇ ಅಭ್ಯಾಸ ಬಾರ್ ಹೊತ್ತಾಗಲೂ ಇಣುಕುವುದನ್ನು ನೋಡಿದ್ದೇನೆ. ಬಾರ್ ಇದ್ದಾಗ ಪಾದದ ಮೂರು ಜಾಗ ನೆಲ ಕಚ್ಚಿರಬೇಕು: ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಹಿಮ್ಮಡಿ. ಬಾರ್ ಕೆಳಗಿಳಿದು ಮೇಲೆ ಬರುವಷ್ಟು ಹೊತ್ತೂ ಪಾದದ ನಡುಭಾಗದ ಮೇಲೆ, ಹೆಚ್ಚುಕಡಿಮೆ ಲೇಸ್ ಗಂಟಿನ ನೇರಕ್ಕೆ ಇರಬೇಕು. ಅದು ಮುಂದಕ್ಕೆ ಸರಿದರೆ ಹಿಮ್ಮಡಿ ಏಳುತ್ತೆ, ಹಿಮ್ಮಡಿ ಎದ್ದರೆ ಬೆನ್ನು ಬೀಳುತ್ತೆ. ನಿಮ್ಮ ಎರಡು ದೂರಿಗೂ ಬೇರು ಒಂದೇ ಇರಬಹುದು.

ಬೆನ್ನು ಬೀಳುವುದಕ್ಕೆ ಇನ್ನೊಂದು ಕಾರಣ ಉಸಿರು. ಹೆಚ್ಚಿನವರು ಎದೆ ಉಬ್ಬಿಸಿ ಉಸಿರು ಎಳೆಯುತ್ತಾರೆ, ಭುಜ ಮೇಲೇಳುತ್ತೆ, ಹೊಟ್ಟೆ ಖಾಲಿ. ಉಸಿರು ಹೊಟ್ಟೆಗೆ ಹೋಗಬೇಕು. ಮುಂದಕ್ಕೆ ಮಾತ್ರ ಅಲ್ಲ, ಪಕ್ಕೆಗೂ, ಸೊಂಟದ ಹಿಂಭಾಗಕ್ಕೂ. ಪಂಚೆಯನ್ನು ಸೊಂಟಕ್ಕೆ ಬಿಗಿಯಾಗಿ ಕಟ್ಟಿಕೊಂಡು, ಆ ಬಿಗಿಯನ್ನು ಸುತ್ತಲೂ ಹೊರಕ್ಕೆ ತಳ್ಳಿ ನೋಡಿ, ತಕ್ಷಣ ಗೊತ್ತಾಗುತ್ತೆ. ಬೆಲ್ಟ್ ಮಾಡುವುದೂ ಅದೇ ಕೆಲಸ, ಹೊಟ್ಟೆಗೆ ಒತ್ತೋಕೆ ಒಂದು ಗೋಡೆ ಕೊಡುತ್ತೆ. ಒತ್ತದೇ ಇದ್ದರೆ ಬೆಲ್ಟ್ ಬರೀ ಶೋಕಿ. ನಿಂತಲ್ಲೇ ಉಸಿರು ತುಂಬಿಕೊಂಡು, ಹಿಡಿದು ಇಳಿಯಿರಿ. ಮೇಲೆ ಬರುವಾಗ ಕಷ್ಟದ ಜಾಗ ದಾಟಿದ ಮೇಲೆ ಬಿಡಿ. ಬಿಪಿ ಇದ್ದರೆ ಹೀಗೆ ಉಸಿರು ಹಿಡಿಯುವ ಮೊದಲು ಡಾಕ್ಟರನ್ನು ಕೇಳಿ.

'ಮಂಡಿ ಕಾಲ್ಬೆರಳು ದಾಟಬಾರದು' ಅಂತ ನಿಮ್ಮ ಟ್ರೇನರ್ ಹೇಳಿದ್ದಾರೆ ಅಂತಲೂ ಬರೆದಿದ್ದೀರಿ. ಮಂಡಿಯನ್ನು ಹಿಂದೆ ತಡೆದು ಹಿಡಿದರೆ, ಬ್ಯಾಲೆನ್ಸ್‌ಗಾಗಿ ಮೈ ಮುಂದಕ್ಕೆ ಬಾಗಲೇಬೇಕು. ಮಂಡಿಯಿಂದ ಇಳಿಸಿದ ಭಾರ ಸೊಂಟಕ್ಕೂ ಬೆನ್ನಿಗೂ ಏರುತ್ತೆ. ಹಿಮ್ಮಡಿ ನೆಲದಲ್ಲಿದ್ದು, ಮಂಡಿ ಪಾದದ ದಿಕ್ಕಿಗೇ ಹೋಗುತ್ತಿದ್ದರೆ ಬೆರಳು ದಾಟಿದರೂ ಪರವಾಗಿಲ್ಲ. ಮಂಡಿ ಒಳಕ್ಕೆ ಬೀಳುವುದನ್ನು ಮಾತ್ರ ನೋಡಿಕೊಳ್ಳಿ.

ಬಾರ್ ಎಲ್ಲಿಡಬೇಕು ಅನ್ನುವ ಜಗಳಕ್ಕೆ ನಾನು ಹೋಗಲ್ಲ. ಕತ್ತಿನ ಬುಡದ ಮಾಂಸದ ಮೇಲೆ ಇಟ್ಟರೆ ಹೈ ಬಾರ್, ಮೈ ನೆಟ್ಟಗಿರುತ್ತೆ. ಭುಜದ ಹಿಂಭಾಗಕ್ಕೆ ಎರಡು ಮೂರು ಇಂಚು ಇಳಿಸಿದರೆ ಲೋ ಬಾರ್, ಮೈ ಬಾಗುವುದು ಸಹಜ. ಗೊಂದಲ ಆಗುವುದು ಇಲ್ಲೇ. ಕುಂದಾಪುರದ ಗುರುರಾಜ ಪೂಜಾರಿ ಅವರಂಥ ವೇಟ್‌ಲಿಫ್ಟರ್‌ಗಳ ವಿಡಿಯೋ ನೋಡಿ, ಲೋ ಬಾರ್ ಹಾಕಿಕೊಂಡು ಅವರಂತೆ ಎದೆ ನೆಟ್ಟಗಿಡೋಕೆ ಹೋಗುತ್ತಾರೆ. 2018ರ ಕಾಮನ್‌ವೆಲ್ತ್‌ನಲ್ಲಿ ಬೆಳ್ಳಿ, 2022ರಲ್ಲಿ ಕಂಚು ಗೆದ್ದ ಅವರ ಆಟ ಬಾರನ್ನು ತಲೆಯ ಮೇಲಕ್ಕೆ ಎತ್ತುವ ಸ್ನ್ಯಾಚ್ ಮತ್ತು ಕ್ಲೀನ್ ಆ್ಯಂಡ್ ಜರ್ಕ್. ಅಲ್ಲಿ ಸ್ಕ್ವಾಟ್ ತಾಲೀಮು ಮಾತ್ರ. ಪವರ್‌ಲಿಫ್ಟಿಂಗ್‌ನಲ್ಲಿ ಸ್ಕ್ವಾಟೇ ಸ್ಪರ್ಧೆ, ಬೆಂಚ್ ಪ್ರೆಸ್ (ಮಲಗಿ ಎತ್ತುವುದು) ಮತ್ತು ಡೆಡ್‌ಲಿಫ್ಟ್‌ಗಿಂತ (ನೆಲದಿಂದ ಎತ್ತುವುದು) ಮೊದಲು ಬರುವುದೂ ಅದೇ. ನೀವು ಹೈ ಬಾರ್‌ನಿಂದ ಶುರು ಮಾಡಿ. ಆಳ ಕಲಿಯೋಕೆ ಅದು ಸುಲಭ.

ವಿಡಿಯೋ ತೆಗೆಯಿರಿ, ಆದರೆ ಸರಿಯಾಗಿ. ಫೋನನ್ನು ನೀರಿನ ಬಾಟಲಿಗೆ ಒರಗಿಸಿ ನೆಲದಲ್ಲಿಟ್ಟು, ಓರೆಯಾಗಿ ಮುಂದಿನಿಂದ ತೆಗೆದರೆ ಆಳ ಇಲ್ಲದ್ದೂ ಆಳವಾಗಿ ಕಾಣುತ್ತೆ. ಬೆಂಚಿನ ಮೇಲೆ, ಮಂಡಿಯ ಎತ್ತರದಲ್ಲಿ, ನೇರ ಪಕ್ಕದಿಂದ ತೆಗೆಯಿರಿ.

ಈಗ ಪ್ರೋಗ್ರಾಂ. ಸ್ಮೊಲೊವ್ ಯಾಕೆ ಬೇಡ ಅನ್ನುವುದನ್ನು ನಿಮ್ಮ ಲೆಕ್ಕದಲ್ಲೇ ನೋಡೋಣ. ಅದು ರಷ್ಯಾದ 13 ವಾರದ ಸ್ಕ್ವಾಟ್ ಪ್ರೋಗ್ರಾಂ. ಅದರ ಮುಖ್ಯ ಹಂತದಲ್ಲಿ ವಾರಕ್ಕೆ ನಾಲ್ಕು ದಿನ ಸ್ಕ್ವಾಟ್: ಗರಿಷ್ಠ ತೂಕದ (ಒಂದೇ ಸಲ ಎತ್ತಬಲ್ಲ ಅತಿ ಹೆಚ್ಚು ತೂಕ) ಶೇ. 70ರಲ್ಲಿ 4 ಸೆಟ್ 9 ರೆಪ್ (ಒಂಬತ್ತೊಂಬತ್ತು ರೆಪ್‌ನ ನಾಲ್ಕು ಸರದಿ), ಶೇ. 75ರಲ್ಲಿ 5 ಸೆಟ್ 7, ಶೇ. 80ರಲ್ಲಿ 7 ಸೆಟ್ 5, ಶೇ. 85ರಲ್ಲಿ 10 ಸೆಟ್ 3. ಒಂದು ವಾರಕ್ಕೆ 136 ರೆಪ್. ಮುಂದಿನ ವಾರ ಎಲ್ಲದರ ಮೇಲೂ ಇನ್ನಷ್ಟು ತೂಕ. 100 ಮೂರು ಸಲ ಅಂತ ಕ್ಯಾಲ್ಕುಲೇಟರ್‌ಗೆ ಕೊಟ್ಟರೆ ಗರಿಷ್ಠ 110ರ ಆಸುಪಾಸು ಅನ್ನುತ್ತೆ. ಅದರ ಶೇ. 85 ಅಂದರೆ ಸುಮಾರು 93. ಪೂರ್ತಿ ಆಳಕ್ಕೆ ಹೋದರೆ ನಿಮ್ಮ ನಿಜವಾದ ಗರಿಷ್ಠ 85–90 ಇರಬಹುದು ಅಂತ ನನ್ನ ಅಂದಾಜು. ಅಂದರೆ ನೀವು ಒಂದು ಸಲವೂ ಎತ್ತಲಾಗದ ತೂಕವನ್ನು ಅದು ಮೂವತ್ತು ಸಲ ಎತ್ತು ಅನ್ನುತ್ತಿದೆ. ಆಗ ಏನಾಗುತ್ತೆ? ಮತ್ತೆ ಅರ್ಧಕ್ಕೇ ಏಳುತ್ತೀರಿ, ಅದೂ ವಾರಕ್ಕೆ 136 ಸಲ. ಅದೇ ಅಭ್ಯಾಸ ಕೂತುಬಿಡುತ್ತೆ, ಮಂಡಿ ನೋವು ಬೇರೆ.

5/3/1 ಒಳ್ಳೆಯ ಪ್ರೋಗ್ರಾಂ. ಅಮೆರಿಕದ ಪವರ್‌ಲಿಫ್ಟರ್ ಜಿಮ್ ವೆಂಡ್ಲರ್ ಅವರದು. ನಿಜವಾದ ಗರಿಷ್ಠದ ಶೇ. 90ನ್ನು ಹಿಡಿದುಕೊಂಡು ಅದರ ಮೇಲೆ ಲೆಕ್ಕ ಹಾಕುತ್ತಾರೆ. ನಾಲ್ಕು ವಾರದ ಒಂದು ಸುತ್ತಿಗೆ ಸ್ಕ್ವಾಟ್‌ನಲ್ಲಿ 5 ಕೆ.ಜಿ. ಅಷ್ಟೇ ಏರುತ್ತೆ. ಇದರ ತಾಳ್ಮೆ ನನಗೆ ತುಂಬಾ ಇಷ್ಟ. ಆದರೆ ಮೂಲ ರೂಪದಲ್ಲಿ ಸ್ಕ್ವಾಟ್ ವಾರಕ್ಕೆ ಒಂದೇ ದಿನ. ಫಾರ್ಮ್ ಇನ್ನೂ ಕಲಿಯುತ್ತಿರುವವರಿಗೆ ಆ ಒಂದು ದಿನ ಸಾಲದು, ಸೋಮವಾರ ಕಲಿತದ್ದು ಮುಂದಿನ ಸೋಮವಾರಕ್ಕೆ ಮರೆತಿರುತ್ತೆ. ಅಲ್ಲದೆ ಇದಕ್ಕೂ ನಿಜವಾದ ಗರಿಷ್ಠ ಬೇಕು, ಅದು ನಿಮ್ಮ ಹತ್ತಿರ ಈಗ ಇಲ್ಲ.

5×5ಗೆ (ಐದೈದು ರೆಪ್‌ನ ಐದು ಸೆಟ್) ಈ ತಾಪತ್ರಯ ಇಲ್ಲ. ಅದು ಶೇಕಡಾ ಕೇಳುವುದಿಲ್ಲ, ಎಲ್ಲಿಂದ ಶುರು ಅಂತ ಮಾತ್ರ ಕೇಳುತ್ತೆ. ವಾರಕ್ಕೆ ಮೂರು ದಿನ ಸ್ಕ್ವಾಟ್, ಪ್ರತಿ ಸಲ 2.5 ಕೆ.ಜಿ. ಜಾಸ್ತಿ. ಇದರ ತೊಂದರೆ ಬೇರೆ: ವಾರಕ್ಕೆ 7.5 ಕೆ.ಜಿ. ಏರಿದರೆ ಫಾರ್ಮ್ ಹಿಂದೆ ಉಳಿಯುತ್ತೆ.

ನಾನು ನಿಮ್ಮ ಜಾಗದಲ್ಲಿ ಇದ್ದಿದ್ದರೆ ಅದನ್ನೇ ಸ್ವಲ್ಪ ತಿದ್ದಿಕೊಳ್ಳುತ್ತಿದ್ದೆ. ಪೂರ್ತಿ ಆಳಕ್ಕೆ ಹೋಗಿ, ಹಿಮ್ಮಡಿ ಏಳದೆ ಐದು ರೆಪ್ ಆಗುವ ತೂಕ ಹುಡುಕಿ. 65 ಇರಬಹುದು, 60 ಇರಬಹುದು. ಸೋಮವಾರ ಆ ತೂಕದಲ್ಲಿ ಐದೈದು ರೆಪ್‌ನ ಮೂರು ಸೆಟ್. ಬುಧವಾರ ಅದರ ಶೇ. 80ರಷ್ಟು ಹಾಕಿ, ಕೆಳಗೆ ಎರಡು ಸೆಕೆಂಡ್ ನಿಂತು ಏಳುವ ಪಾಝ್ ಸ್ಕ್ವಾಟ್, ಮೂರು ಮೂರು ರೆಪ್‌ನ ಮೂರು ಸೆಟ್. ಶುಕ್ರವಾರ ಸೋಮವಾರಕ್ಕಿಂತ 2.5 ಜಾಸ್ತಿ, ಮತ್ತೆ ಮೂರು ಸೆಟ್ ಐದು. ಮುಂದಿನ ಸೋಮವಾರ ಇನ್ನೂ 2.5. ಬೆಂಚ್ ಸೋಮವಾರ ಮತ್ತು ಶುಕ್ರವಾರ, ಡೆಡ್‌ಲಿಫ್ಟ್ ಬುಧವಾರ. ಆ ಪಾಝ್ ದಿನವನ್ನು ಮಾತ್ರ ಬಿಡಬೇಡಿ. ಕೆಳಗೆ ನಿಂತಾಗ ಹಿಮ್ಮಡಿ ಎದ್ದಿದೆಯಾ, ಹೊಟ್ಟೆಯ ಬಿಗಿ ಸಡಿಲವಾಯಿತಾ ಅಂತ ನಿಮಗೇ ಗೊತ್ತಾಗುತ್ತೆ, ಯಾರೂ ಹೇಳಬೇಕಾಗಿಲ್ಲ.

ವಾರಕ್ಕೆ 5 ಕೆ.ಜಿ. ಅಂದರೆ ಕಾಗದದ ಮೇಲೆ ಎರಡು ತಿಂಗಳಲ್ಲಿ ಮತ್ತೆ 100. ನಿಜದಲ್ಲಿ ಮಧ್ಯೆ ಎಲ್ಲೋ ನಿಲ್ಲುತ್ತೆ. ಒಂದೇ ತೂಕ ಎರಡು ಸಲ ಕೈಕೊಟ್ಟರೆ ಶೇ. 10 ಇಳಿಸಿ ಮತ್ತೆ ಏರಿ. ಮತ್ತೆ ಅಲ್ಲೇ ನಿಂತರೆ ವಾರಕ್ಕೊಮ್ಮೆ ಮಾತ್ರ ಏರಿಸಿ. ಅದೂ ನಿಂತಾಗ 5/3/1 ತೆಗೆಯಿರಿ, ಅಷ್ಟೊತ್ತಿಗೆ ಅದಕ್ಕೆ ಕೊಡೋಕೆ ನಿಜವಾದ ಸಂಖ್ಯೆ ಇರುತ್ತೆ. ಫಾರ್ಮ್ ಕೆಟ್ಟ ರೆಪ್ಪನ್ನೂ ಆಗದ ರೆಪ್ ಅಂತಲೇ ಎಣಿಸಿ. ಇದೊಂದು ನಿಯಮ ಪಾಲಿಸಿದರೆ ತೂಕ ತಾನಾಗಿ ಹತೋಟಿಯಲ್ಲಿರುತ್ತೆ.

ನಮ್ಮ ಊರುಗಳ ಜಿಮ್‌ಗಳಲ್ಲಿ ಒಂದು ತಲೆನೋವು ಅಂದರೆ 1.25 ಕೆ.ಜಿ. ಪ್ಲೇಟ್ ಇರುವುದಿಲ್ಲ. 2.5ರ ಜೋಡಿ ಹಾಕಿದರೆ ಒಂದೇ ಸಲ 5 ಏರುತ್ತೆ. ಒಂದು ಜೋಡಿ ಕೊಂಡು ಬ್ಯಾಗಲ್ಲಿ ಇಟ್ಟುಕೊಳ್ಳಿ. ಬಾರ್ ತೂಕವನ್ನೂ ಒಮ್ಮೆ ನೋಡಿ, ಎಲ್ಲ ಬಾರ್ 20 ಕೆ.ಜಿ. ಇರುವುದಿಲ್ಲ. ಕೆಲವು ಕಡೆ ಪೌಂಡ್ ಪ್ಲೇಟೂ ಕಿಲೋ ಪ್ಲೇಟೂ ಒಂದೇ ರ‍್ಯಾಕಲ್ಲಿ ಬೆರೆತಿರುತ್ತವೆ. ಬಾರ್ ಕಂಬಿಗಳ ಮೇಲೆ ಜಾರುವ ಸ್ಮಿತ್ ಮಷೀನ್‌ನಲ್ಲಿ ಮಾಡಿ ಇದನ್ನು ಲೆಕ್ಕಕ್ಕೆ ಇಡಬೇಡಿ, ಅಲ್ಲಿ ಬ್ಯಾಲೆನ್ಸ್ ನೀವು ಮಾಡುವುದಿಲ್ಲ, ಮಷೀನ್ ಮಾಡುತ್ತೆ. ರ‍್ಯಾಕ್‌ನ ಸೇಫ್ಟಿ ರಾಡ್‌ಗಳನ್ನು ನೀವು ಪೂರ್ತಿ ಕೂತಾಗ ಬಾರ್ ಇರುವ ಜಾಗಕ್ಕಿಂತ ಸ್ವಲ್ಪ ಕೆಳಗೆ ಹಾಕಿ. ಏಳೋಕೆ ಆಗದಿದ್ದರೆ ಅಲ್ಲೇ ಇಳಿಸಿಬಿಡಬಹುದು, ಯಾರ ಸಪೋರ್ಟಿಗೂ ಕಾಯಬೇಕಿಲ್ಲ. ಮಂಡಿ ಅಥವಾ ಬೆನ್ನಿನ ನೋವು ಒಂದೆರಡು ವಾರ ಹೋಗದಿದ್ದರೆ ಫಿಸಿಯೋ ಹತ್ತಿರ ಹೋಗಿ.

ಸ್ಪರ್ಧೆಗೆ ಹೆಸರು ಕೊಡುವ ಮುಂಚೆ ಎರಡು ವಿಷಯ ಕೇಳಿಕೊಳ್ಳಿ. ಯಾವ ಫೆಡರೇಶನ್ ನಡೆಸುತ್ತಿದೆ, ಮತ್ತು ಕ್ಲಾಸಿಕ್ಕಾ ಇಕ್ವಿಪ್ಡಾ. ಇಕ್ವಿಪ್ಡ್ ಅಂದರೆ ಬಿಗಿ ಸೂಟ್, ಮಂಡಿಗೆ ಸುತ್ತುವ ಪಟ್ಟಿ ಎಲ್ಲ ಇರುತ್ತೆ, ಅದು ಬೇರೆಯೇ ಲೋಕ. ಅವೆಲ್ಲ ಇಲ್ಲದ ಕ್ಲಾಸಿಕ್ ನಿಮಗೆ ಸಾಕು. ಕೊನೆಯ ಒಂದು ತಿಂಗಳು ಗೆಳೆಯನೊಬ್ಬನನ್ನು ಮುಂದೆ ನಿಲ್ಲಿಸಿ, ಸ್ಪರ್ಧೆಯಲ್ಲಿ ರೆಫರಿ ಹೇಳುವಂತೆ 'ಸ್ಕ್ವಾಟ್', 'ರ‍್ಯಾಕ್' ಅಂತ ಹೇಳಿಸಿಕೊಂಡೇ ಮಾಡಿ. ಮಂಡಿ ನೆಟ್ಟಗೆ ಮಾಡಿ ನಿಂತು, ಮೊದಲ ಮಾತು ಬಂದ ಮೇಲೆ ಇಳಿಯಬೇಕು. ಎದ್ದ ಮೇಲೆ ಎರಡನೇ ಮಾತು ಬರುವ ಮೊದಲು ಕಾಲು ಕದಲಿಸಿದರೆ ಕೆಂಪು ದೀಪ. ಮೊದಲ ಅಟೆಂಪ್ಟ್‌ಗೆ ಜಿಮ್‌ನಲ್ಲಿ ಪೂರ್ತಿ ಆಳಕ್ಕೆ ಮೂರು ರೆಪ್ ಮಾಡುವ ತೂಕವನ್ನೇ ಬರೆಸಿ. ಎರಡನೆಯದಕ್ಕೆ ಎಷ್ಟು ಏರಿಸಬೇಕು ಅಂತ ಎದ್ದು ಬಂದ ಮೇಲೆ ಯೋಚಿಸಿದರೆ ಆಯ್ತು, ಅದನ್ನು ಹೇಳೋಕೆ ಒಂದು ನಿಮಿಷ ಕೊಡುತ್ತಾರೆ.