ಸೋಲುವ ಟೀಮ್‌ಗೆ ಯಾಕೆ ದುಡ್ಡು ಕಟ್ಟುತ್ತಾರೆ ಅಂತ ಕೇಳಿದೆಯಲ್ಲ

ತಮ್ಮಾ, ನೀನು ಬರೆದದ್ದು ಓದಿ ಮೊದಲು ಜೋರಾಗಿ ನಕ್ಕೆ. ಆಮೇಲೆ ಪಾಪ ಅನ್ನಿಸಿತು. ಅಕ್ಕಾ ಅಂತ ಕರೆದಿದ್ದೀಯ, ಹಾಗಾಗಿ ಬಹುವಚನ ಬಿಟ್ಟು ಬರೆಯುತ್ತೇನೆ.

ನೀನು ಹೇಳಿದ್ದು ಇಷ್ಟು. ಮೆಲ್ಬೋರ್ನ್‌ಗೆ ಬಂದು ನಾಲ್ಕು ತಿಂಗಳಾಯಿತು. ಕ್ರೇಗಿಬರ್ನ್‌ನಲ್ಲಿ ಮೂವರು ಹುಡುಗರ ಜೊತೆ ಮನೆ. ಸೋಮವಾರ ಬಂತೆಂದರೆ ಆಫೀಸಿನಲ್ಲಿ ಫೂಟಿ, ಅಂದರೆ ಇಲ್ಲಿನ ಆಸ್ಟ್ರೇಲಿಯನ್ ಫುಟ್‌ಬಾಲ್, ಬಿಟ್ಟು ಬೇರೆ ಮಾತಿಲ್ಲ, ನಿನಗೆ ಅದರ ತಲೆಬುಡ ಗೊತ್ತಾಗುವುದಿಲ್ಲ. ನಿನ್ನ ಮ್ಯಾನೇಜರ್ ಎಸೆಂಡನ್ ಅಭಿಮಾನಿ. ಹೋದ ವಾರ ಅವರ ಟೀಮ್ ಮತ್ತೆ ಸೋತಿತ್ತು. ಮಾತಿಗೆ ಸೇರಿಕೊಳ್ಳೋಣ ಅಂತ ನೀನು, ಮೊಬೈಲಿನಲ್ಲಿ ಎಲ್ಲೋ ಓದಿದ್ದು ನೆನಪಾಗಿ, 'ಡ್ರಗ್ಸ್ ಕೇಸಿನಲ್ಲಿ ಸಿಕ್ಕಿಬಿದ್ದಿದ್ದು ಅದೇ ಟೀಮ್ ಅಲ್ವಾ?' ಅಂದೆ. ಇಡೀ ಟೇಬಲ್ ಗಪ್‌ಚುಪ್. ಈಗ ನೀನು ಕೇಳುತ್ತಿರುವುದು: ನಾನು ಮಾಡಿದ ತಪ್ಪೇನು? ಇಷ್ಟು ಸೋಲುವ ಟೀಮ್‌ಗೆ ಇವರು ವರ್ಷಾ ವರ್ಷಾ ಮೆಂಬರ್‌ಶಿಪ್ ದುಡ್ಡು ಯಾಕೆ ಕಟ್ಟುತ್ತಾರೆ? ನಾನು ಸುಮ್ನೆ ಬ್ರಿಸ್ಬೇನ್ ಟೀಮ್ ಹಿಡಿದರೆ ಆಗಲ್ವಾ, 2024, 2025 ಎರಡೂ ವರ್ಷ ಅವರೇ ಗೆದ್ದಿದ್ದಾರಲ್ಲ?

ಬ್ರಿಸ್ಬೇನ್ ವಿಷಯ ಮೊದಲು ಮುಗಿಸುತ್ತೇನೆ. ಹಿಡಿಯಪ್ಪ, ಯಾರೂ ಬೇಡ ಅನ್ನುವುದಿಲ್ಲ. ಆದರೆ 'ಯಾಕೆ ಆ ಟೀಮ್?' ಅಂತ ಕೇಳೇ ಕೇಳುತ್ತಾರೆ. 'ಗೆಲ್ಲುತ್ತೆ, ಅದಕ್ಕೆ' ಅಂದರೆ, ಆಸ್ತಿ ನೋಡಿ ಸಂಬಂಧ ಮಾಡಿದವರನ್ನು ನಮ್ಮೂರಲ್ಲಿ ನೋಡುತ್ತಾರಲ್ಲ, ಹಾಗೆ ನೋಡುತ್ತಾರೆ. ಇಲ್ಲಿ ಟೀಮ್ ಅಪ್ಪನಿಂದ ಬರುತ್ತದೆ, ಅಜ್ಜಿಯಿಂದ ಬರುತ್ತದೆ, ಹುಟ್ಟಿದ ಬೀದಿಯಿಂದ ಬರುತ್ತದೆ. ನಮ್ಮಂಥವರಿಗೆ ಮೊದಲ ಪಂದ್ಯಕ್ಕೆ ಯಾರು ಕರೆದುಕೊಂಡು ಹೋದರೋ ಅವರ ಟೀಮೇ ನಮ್ಮ ಟೀಮ್. ಒಮ್ಮೆ ಹಿಡಿದರೆ ಬಿಡುವ ಹಾಗಿಲ್ಲ. ಕೆಲಸ, ಮನೆ, ದೇಶ ಎಲ್ಲ ಬದಲಾಯಿಸಬಹುದು, ಅದನ್ನು ಮಾತ್ರ ಇಲ್ಲ.

ನಾನು 2009ರಲ್ಲಿ ದಾವಣಗೆರೆಯಿಂದ ಬಂದಾಗ ಮೂನಿ ಪಾಂಡ್ಸ್‌ನಲ್ಲಿ ಬಾಡಿಗೆ ಮನೆ ಸಿಕ್ಕಿತು. ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜ ಒಂಟಿಯಾಗಿದ್ದರು. ಅವರ ಹೆಂಡತಿಯ ಸೀಟು ಖಾಲಿ ಇತ್ತು, ಬಾ ಅಂದರು. ಹೋದೆ. ಕಪ್ಪು ಜಂಪರ್, ಅದರ ಮೇಲೆ ಅಡ್ಡ ಜನಿವಾರದ ಹಾಗೆ ಕೆಂಪು ಪಟ್ಟಿ. ಅವತ್ತು ಸೋತೆವು. ಅವತ್ತಿನಿಂದ ನಾನೂ ಎಸೆಂಡನ್. ಆರಿಸಿಕೊಂಡೆ ಅನ್ನುವುದಕ್ಕಿಂತ ಅಂಟಿಕೊಂಡಿತು ಅನ್ನಬೇಕು.

ನಡುವೆ ಒಂದು ಮಾತು. ಅಮೆರಿಕದ ಸಿನಿಮಾ ನೋಡಿಕೊಂಡು, ಎಸೆಂಡನ್‌ಗೆ 'ರೂಟ್' ಮಾಡ್ತೀನಿ ಅಂತ ಆಫೀಸಿನಲ್ಲಿ ಹೇಳಿಬಿಡಬೇಡ. ಆ ಪದಕ್ಕೆ ಇಲ್ಲಿ ಮಲಗುವ ಕೋಣೆಯ ಅರ್ಥವಿದೆ. 'ಬ್ಯಾರಕ್' ಮಾಡ್ತೀನಿ ಅನ್ನು. ಆಟದ ನಿಯಮ ಸದ್ಯಕ್ಕೆ ಇಷ್ಟು ಸಾಕು: ಕ್ರಿಕೆಟ್ ಮೈದಾನ, ಕಡೆಗೆ 18 ಜನ, ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ 6 ಪಾಯಿಂಟ್, ಪಕ್ಕಕ್ಕೆ ಹೋದರೆ 1. ಉಳಿದದ್ದು ನೋಡ್ತಾ ನೋಡ್ತಾ ಬರುತ್ತದೆ.

ಈಗ ಆ ಟೇಬಲ್ ಯಾಕೆ ಗಪ್‌ಚುಪ್ ಆಯಿತು ಅನ್ನುವುದು.

2013ರ ಫೆಬ್ರವರಿ 5ರಂದು ಎಸೆಂಡನ್ ಕ್ಲಬ್ಬಿನವರೇ ಪತ್ರಕರ್ತರನ್ನು ಕರೆದು, ಹಿಂದಿನ ವರ್ಷ ನಮ್ಮ ಆಟಗಾರರಿಗೆ ಕೊಟ್ಟ ಸಪ್ಲಿಮೆಂಟ್‌ಗಳ ಬಗ್ಗೆ ತನಿಖೆ ಆಗಲಿ ಅಂದರು. ಒಬ್ಬ ಕ್ರೀಡಾ ವಿಜ್ಞಾನಿಯನ್ನು ಕೆಲಸಕ್ಕೆ ಇಟ್ಟುಕೊಂಡಿದ್ದರು. ಹುಡುಗರಿಗೆ ಇಂಜೆಕ್ಷನ್ ಮೇಲೆ ಇಂಜೆಕ್ಷನ್. ಯಾರಿಗೆ ಏನು ಚುಚ್ಚಿದರು ಅನ್ನುವುದಕ್ಕೆ ಸರಿಯಾದ ದಾಖಲೆಯೇ ಇಲ್ಲ. ನನ್ನ ಕೆಲಸ ಆಸ್ಪತ್ರೆಯ ಲ್ಯಾಬಿನಲ್ಲಿ. ಒಂದು ರಕ್ತದ ಬಾಟಲಿಗೆ ಲೇಬಲ್ ತಪ್ಪಿದರೆ ನಮಗೆ ರಾತ್ರಿ ನಿದ್ದೆ ಬರುವುದಿಲ್ಲ. ದಾಖಲೆ ಇಲ್ಲ ಅಂತ ಕೇಳಿದಾಗ ನನಗೆ ಹೊಟ್ಟೆ ಉರಿದದ್ದು ಅಷ್ಟಿಷ್ಟಲ್ಲ.

ಅದೇ ಆಗಸ್ಟಿನಲ್ಲಿ ಲೀಗ್ (ಎಎಫ್‌ಎಲ್) ಕ್ಲಬ್ಬಿಗೆ 20 ಲಕ್ಷ ಡಾಲರ್ ದಂಡ ಹಾಕಿತು, ಆ ವರ್ಷದ ಫೈನಲ್ಸ್‌ನಿಂದ, ಅಂದರೆ ಲೀಗ್ ಹಂತ ಮುಗಿದ ಮೇಲೆ ಮೇಲಿನ ಟೀಮ್‌ಗಳು ಆಡುವ ನಾಕೌಟ್ ಪಂದ್ಯಗಳಿಂದ, ಹೊರಗಿಟ್ಟಿತು. ಕೋಚ್ ಜೇಮ್ಸ್ ಹರ್ಡ್‌ಗೆ ಒಂದು ವರ್ಷ ನಿಷೇಧ. ಹರ್ಡ್ ಅಂದರೆ ಸುಮ್ಮನೆ ಒಬ್ಬ ಕೋಚ್ ಅಲ್ಲ. 2000ದಲ್ಲಿ ಎಸೆಂಡನ್ 25 ಪಂದ್ಯಗಳಲ್ಲಿ 24 ಗೆದ್ದು ಕಪ್ ಎತ್ತಿದಾಗ ಅವರೇ ಕ್ಯಾಪ್ಟನ್. ಅಜ್ಜನ ಮನೆಯ ಹಾಲಿನಲ್ಲಿ ಅವರ ಫೋಟೋಗೆ ಫ್ರೇಮ್ ಹಾಕಿಸಿದ್ದರು, ನಮ್ಮ ಕಡೆ ರಾಜಕುಮಾರ್ ಫೋಟೋ ಇರುತ್ತಲ್ಲ ಹಾಗೆ.

ಆಟಗಾರರ ಕಥೆ ಇನ್ನೂ ಎಳೆದಾಡಿತು. 2015ರ ಮಾರ್ಚ್‌ನಲ್ಲಿ ಲೀಗಿನ ಟ್ರಿಬ್ಯೂನಲ್, ನಿಷೇಧಿತ ಮದ್ದಿನ ಆರೋಪ ಹೊತ್ತಿದ್ದ 34 ಆಟಗಾರರನ್ನೂ ಬಿಟ್ಟಿತು. ಉಸ್ಸಪ್ಪಾ ಅಂದೆವು. ಉದ್ದೀಪನ ಮದ್ದು ತಡೆಯುವ ಜಾಗತಿಕ ಸಂಸ್ಥೆ ವಾಡಾ ಮೇಲ್ಮನವಿ ಹಾಕಿತು. 2016ರ ಜನವರಿಯಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ 34 ಜನರೂ ತಪ್ಪಿತಸ್ಥರು ಅಂದಿತು. ಅದರಲ್ಲಿ 12 ಜನ ಇನ್ನೂ ಎಸೆಂಡನ್‌ನಲ್ಲೇ ಆಡುತ್ತಿದ್ದರು. ಅಷ್ಟೂ ಜನರಿಗೆ ಇಡೀ ವರ್ಷ ಆಟ ಇಲ್ಲ. ಅದೇ ತಿಂಗಳು, ಕೆಲಸದ ಜಾಗದಲ್ಲಿ ಆಟಗಾರರ ಸುರಕ್ಷತೆ ಕಾಪಾಡಲಿಲ್ಲ ಅಂತ ಕೋರ್ಟು ಕ್ಲಬ್ಬಿಗೆ ಇನ್ನೂ 2 ಲಕ್ಷ ಡಾಲರ್ ದಂಡ ಹಾಕಿತು.

ಕ್ಯಾಪ್ಟನ್ ಜೋಬ್ ವಾಟ್ಸನ್ 2012ರಲ್ಲಿ ಬ್ರೌನ್‌ಲೋ ಪದಕ ಗೆದ್ದಿದ್ದರು. ಲೀಗಿನಲ್ಲಿ ಒಬ್ಬ ಆಟಗಾರನಿಗೆ ಅದಕ್ಕಿಂತ ದೊಡ್ಡ ಗೌರವ ಇಲ್ಲ. ಅವರ ಅಪ್ಪ ಟಿಮ್ ವಾಟ್ಸನ್ ಕೂಡ ಎಸೆಂಡನ್‌ನ ದೊಡ್ಡ ಹೆಸರು. 2016ರ ನವೆಂಬರ್‌ನಲ್ಲಿ ಆ ಪದಕ ಕೈಬಿಟ್ಟು ಹೋಯಿತು, ಎರಡನೇ ಸ್ಥಾನದಲ್ಲಿದ್ದ ಇಬ್ಬರಿಗೆ ಕೊಟ್ಟರು. ಆ ವಾರ ಅಜ್ಜ ನನ್ನ ಜೊತೆ ಫೂಟಿ ಮಾತೇ ಆಡಲಿಲ್ಲ. ಟೊಮೇಟೊ ಗಿಡದ ಬಗ್ಗೆ ಮಾತಾಡಿದರು.

ಹಾಗಾಗಿ ನಿನ್ನ ಒಂದು ಸಾಲಿನ ಜೋಕು ಎಲ್ಲಿ ತಗುಲಿತು ಅಂತ ತಿಳಿಯಿತಾ? ಆರ್‌ಸಿಬಿ ಥರ ಅಂದುಕೊಂಡೆ ಅಂತ ಬರೆದಿದ್ದೀಯ. 18 ವರ್ಷ ಕಾದೆವು, ನಿಜ. ಆದರೆ ಆರ್‌ಸಿಬಿಯದು ಬರೀ ಸೋಲು. ಸೋಲನ್ನು ತಮಾಷೆ ಮಾಡಬಹುದು, ನಾವೇ ಎಷ್ಟು ಮೀಮ್ ಮಾಡಿಲ್ಲ? ಎಸೆಂಡನ್ ಸಂಕಟ ಚೆನ್ನೈ ಅಭಿಮಾನಿಯ ಸಂಕಟಕ್ಕೆ ಹತ್ತಿರ. 2013ರ ಬೆಟ್ಟಿಂಗ್ ಗಲಾಟೆ, 2016 ಮತ್ತು 2017 ಎರಡು ವರ್ಷ ನಿಷೇಧ. ಗೆಳೆಯರೇ ಆಗಿದ್ದರೂ ಊಟದ ಮಧ್ಯೆ ಆ ಮಾತು ಎತ್ತಿ ನೋಡು. ತಟ್ಟೆ ಸದ್ದು ಬಿಟ್ಟು ಬೇರೇನೂ ಕೇಳುವುದಿಲ್ಲ. ಒಂದೇ ವ್ಯತ್ಯಾಸ: ಚೆನ್ನೈ 2018ರಲ್ಲಿ ವಾಪಸ್ ಬಂದು ಅದೇ ವರ್ಷ ಕಪ್ ಗೆದ್ದಿತು. ಎಸೆಂಡನ್‌ಗೆ ಆ ಔಷಧಿ ಸಿಗಲಿಲ್ಲ.

ಈ ಹಗರಣದ ಬಗ್ಗೆ ಎಸೆಂಡನ್ ಜನರಲ್ಲೇ ಒಮ್ಮತ ಇಲ್ಲ. ಹುಡುಗರು ಬಲಿಪಶುಗಳು ಅನ್ನುವವರು ಜಾಸ್ತಿ, ನಾನೂ ಅದೇ ಪಾರ್ಟಿ. ಕೋಚ್ ಮೇಲೆ ಇವತ್ತಿಗೂ ಸಿಟ್ಟಿರುವವರಿದ್ದಾರೆ. ಎಲ್ಲ ಲೀಗಿನ ಸಂಚು ಅನ್ನುವವರೂ ಇದ್ದಾರೆ, ಅವರ ಪಕ್ಕ ಕೂತರೆ ಆಟದ ನಾಲ್ಕು ಕ್ವಾರ್ಟರ್ ಮುಗಿದರೂ ಮಾತು ಮುಗಿಯುವುದಿಲ್ಲ. ನಿನ್ನ ಮ್ಯಾನೇಜರ್ ಯಾವ ಪಾರ್ಟಿ ಅಂತ ನಿನಗೆ ಗೊತ್ತಿಲ್ಲ. ಅವರಾಗಿ ಹೇಳುವವರೆಗೆ ಕೇಳಬೇಡ.

2016ರ ಬಗ್ಗೆ ಸ್ವಲ್ಪ ಹೇಳಲೇಬೇಕು. ಯಾಕೆಂದರೆ ದುಡ್ಡು ಯಾಕೆ ಕಟ್ಟುತ್ತಾರೆ ಅನ್ನುವ ನಿನ್ನ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಆ ವರ್ಷ. 12 ಜನ ಇಲ್ಲ. ಬದಲಿಗೆ 10 ಜನರನ್ನು ತೆಗೆದುಕೊಳ್ಳಲು ಲೀಗ್ ಒಪ್ಪಿತು. ಬೇರೆ ಕ್ಲಬ್ಬಿನಲ್ಲಿ ಆಟ ಮುಗಿಸಿ ಕೂತಿದ್ದವರನ್ನು ಎಬ್ಬಿಸಿ ತಂದರು. ಉಳಿದವರು ಮೀಸೆ ಮೂಡದ ಹುಡುಗರು. ಈ ವರ್ಷ ಸೋಲು ಗ್ಯಾರಂಟಿ ಅಂತ ಜನವರಿಯಲ್ಲೇ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ 50 ಸಾವಿರಕ್ಕಿಂತ ಜಾಸ್ತಿ ಜನ ಮೆಂಬರ್‌ಶಿಪ್ ಕಟ್ಟಿದರು. ನಾನು ಅಜ್ಜನನ್ನು ಕೇಳಿದೆ, ಈ ವರ್ಷ ಬಿಡಬಹುದಿತ್ತಲ್ಲ ಅಂತ. 'ಈ ವರ್ಷ ಬಿಟ್ಟರೆ ಇನ್ಯಾವ ವರ್ಷ ಕಟ್ಟೋದು?' ಅಂದರು.

ಮೊದಲ ಪಂದ್ಯ ಸೋತೆವು. ಎರಡನೆಯದು ಎಂಸಿಜಿಯಲ್ಲಿ, ಮೆಲ್ಬೋರ್ನ್ ಟೀಮ್ ವಿರುದ್ಧ. ಅಜ್ಜನಿಗೆ ಚಹಾ ಫ್ಲಾಸ್ಕ್, ನನಗೆ ಪುಳಿಯೋಗರೆ ಡಬ್ಬಿ. ಗೆದ್ದೆವು! 13 ಪಾಯಿಂಟ್‌ನಿಂದ. ಸುತ್ತ ಮುತ್ತ ದೊಡ್ಡ ದೊಡ್ಡ ಗಂಡಸರು ಅಳುತ್ತಿದ್ದರು. ಕಪ್ ಗೆದ್ದದ್ದಲ್ಲ, ಫೈನಲ್ ಅಲ್ಲ, ಎರಡನೇ ವಾರದ ಒಂದು ಮಾಮೂಲಿ ಪಂದ್ಯ. ಕ್ಲಬ್ಬಿನ ಹಾಡು ಎರಡು ಸಲ ಹಾಡಿದೆವು. ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬರು ತಿರುಗಿ ನನ್ನ ಕೈ ಹಿಡಿದುಕೊಂಡರು. ಈ ದೇಶದಲ್ಲಿ ಏಳು ವರ್ಷ ಆಗಿತ್ತು ನನಗೆ, ಪರಿಚಯವಿಲ್ಲದವರು ಹಾಗೆ ಕೈ ಹಿಡಿದದ್ದು ಅದೇ ಮೊದಲು.

ಆ ವರ್ಷ ಒಟ್ಟು 3 ಗೆಲುವು, 19 ಸೋಲು. ಕೊನೆಯ ಸ್ಥಾನ. ಅದಕ್ಕೆ ಇಲ್ಲಿ 'ಮರದ ಚಮಚ' ಅನ್ನುತ್ತಾರೆ. ಎಸೆಂಡನ್‌ಗೆ 1933ರ ನಂತರ ಅದೇ ಮೊದಲನೆಯದು.

ಇನ್ನೊಂದು ಕಾರಣ ಇದೆ, ಅದು ಬರೀ ಭಾವನೆ ಅಲ್ಲ. ಇಲ್ಲಿ ಕ್ಲಬ್ಬುಗಳು ಸತ್ತದ್ದುಂಟು. ಸೌತ್ ಮೆಲ್ಬೋರ್ನ್ 1982ರಲ್ಲಿ ಸಿಡ್ನಿಗೆ ಹೋಯಿತು. ಫಿಟ್ಜ್‌ರಾಯ್ ಅಂತ ಒಂದು ಹಳೆಯ ಕ್ಲಬ್, ದುಡ್ಡಿಲ್ಲದೆ 1996ರಲ್ಲಿ ಕೊನೆಯ ಪಂದ್ಯ ಆಡಿ ಬ್ರಿಸ್ಬೇನ್ ಜೊತೆ ಸೇರಿಕೊಂಡಿತು. ನೀನು ಹಿಡಿಯಬೇಕು ಅಂದುಕೊಂಡ ಟೀಮ್ ಅದೇ! ಫುಟ್‌ಸ್ಕ್ರೇ ಕ್ಲಬ್ಬನ್ನು 1989ರಲ್ಲಿ ಹೀಗೇ ಮುಗಿಸಲು ಹೊರಟಿದ್ದರು. ಜನ ಡಬ್ಬ ಹಿಡಿದು ಚಂದಾ ಎತ್ತಿ ಉಳಿಸಿಕೊಂಡರು. ಅದೇ ಇವತ್ತಿನ ವೆಸ್ಟರ್ನ್ ಬುಲ್‌ಡಾಗ್ಸ್. 2016ರಲ್ಲಿ, ನಾವು ಮರದ ಚಮಚ ಹಿಡಿದ ವರ್ಷ, ಅವರು 62 ವರ್ಷಗಳ ನಂತರ ಕಪ್ ಗೆದ್ದರು. ಮೆಂಬರ್‌ಶಿಪ್ ಅನ್ನುವುದು ಬರೀ ಟಿಕೆಟ್ ಅಲ್ಲ, ಊರಿನ ದೇವಸ್ಥಾನಕ್ಕೆ ಕೊಡುವ ವಂತಿಗೆ ಇದ್ದ ಹಾಗೆ. ಎಸೆಂಡನ್‌ನಲ್ಲಿ ಮೆಂಬರ್‌ಗಳಿಗೆ ಬೋರ್ಡಿನ ಚುನಾವಣೆಯಲ್ಲಿ ಓಟೂ ಇದೆ. ಬೈಯುವ ಹಕ್ಕು ಬೇಕಾದರೆ ಚಂದಾ ಕಟ್ಟಿರಬೇಕು ನೋಡು.

ಬೈಯುವುದಕ್ಕೆ ಕಾರಣಗಳಿಗೇನೂ ಬರಗಾಲ ಇಲ್ಲ. 16 ಕಪ್ ಗೆದ್ದ ಕ್ಲಬ್ ಇದು, ಕಾರ್ಲ್‌ಟನ್, ಕಾಲಿಂಗ್‌ವುಡ್ ಬಿಟ್ಟರೆ ಅಷ್ಟು ಬೇರೆ ಯಾರ ಹತ್ತಿರವೂ ಇಲ್ಲ. ಆದರೆ ಕೊನೆಯ ಕಪ್ 2000ದ್ದು. ಫೈನಲ್ಸ್‌ನಲ್ಲಿ ಎಸೆಂಡನ್ ಕೊನೆಯ ಸಲ ಗೆದ್ದದ್ದು 2004ರ ಸೆಪ್ಟೆಂಬರ್‌ನಲ್ಲಿ. 2025ರ ಕೊನೆವರೆಗೂ ಇನ್ನೊಂದಿಲ್ಲ. ಎದುರು ಟೀಮಿನವರು ದಿನ ಎಣಿಸುತ್ತಾರೆ, 2023ರಲ್ಲೇ 7 ಸಾವಿರ ದಾಟಿತು. 2022ರಲ್ಲಿ ನೇಮಕವಾದ ಸಿಇಒ ಒಂದೇ ದಿನಕ್ಕೆ ರಾಜೀನಾಮೆ ಕೊಟ್ಟರು. ಅದರ ವಿವರ ಬೇಡ, ಅದು ಇನ್ನೊಂದು ಜಗಳ.

ಇಷ್ಟೆಲ್ಲ ಹೇಗೆ ತಡೆದುಕೊಳ್ಳುತ್ತಾರೆ ಅಂದರೆ, ಒಬ್ಬೊಬ್ಬರದು ಒಂದೊಂದು ದಾರಿ. ಕೆಲವರು ಮೂರನೇ ಕ್ವಾರ್ಟರ್‌ಗೇ ಎದ್ದು ಹೋಗಿ ರೈಲು ಹಿಡಿಯುತ್ತಾರೆ. ಕೆಲವರು ಅಂಪೈರ್‌ಗೆ ಬೈದು ಹಗುರಾಗುತ್ತಾರೆ. ಜುಲೈ ಬಂದರೆ ಎಲ್ಲರೂ ಡ್ರಾಫ್ಟ್ ಪಂಡಿತರು. ಕೊನೆಯಲ್ಲಿ ನಿಂತ ಟೀಮ್‌ಗೆ ಹೊಸ ಹುಡುಗರನ್ನು ಆರಿಸುವಾಗ ಮೊದಲ ಸರದಿ ಬರುತ್ತದೆ. ಹಾಗಾಗಿ ಗೆಲ್ಲಬೇಕೋ ಸೋಲಬೇಕೋ ಅಂತ ಲೆಕ್ಕ ಹಾಕುತ್ತಾ ಹದಿನೆಂಟು ವರ್ಷದ ಹುಡುಗರ ವಿಡಿಯೋ ನೋಡುತ್ತಾ ಕೂರುತ್ತಾರೆ, ಗಂಡು ಹುಡುಕುವ ಅಪ್ಪಂದಿರ ಹಾಗೆ. ನಾನು ಸೋತ ರಾತ್ರಿ ಸಾರು ಮಾಡುತ್ತೇನೆ. ಹುಣಸೆಹಣ್ಣು ಹಿಚುಕಿದರೆ ಸ್ವಲ್ಪ ಸಮಾಧಾನ.

ನೀನು ನೋಡಿರಬಹುದು, ಗೆದ್ದ ಸೋಮವಾರ ಇಲ್ಲಿನವರು ಜಾಸ್ತಿ ಮಾತಾಡುವುದಿಲ್ಲ. ಹೂಂ, ಚೆನ್ನಾಗಿತ್ತು, ಅಷ್ಟೇ. ಸೋತ ಸೋಮವಾರ ಮಾತಿಗೆ ಜನ ಬೇಕು ಇವರಿಗೆ. ನನಗೆ ಸಿಕ್ಕಿದ ಗೆಳೆಯರೆಲ್ಲ ಸೋತ ಸೋಮವಾರಗಳಲ್ಲೇ ಸಿಕ್ಕಿದ್ದು.

ಮ್ಯಾನೇಜರ್ ಹತ್ತಿರ ಉದ್ದುದ್ದ ಕ್ಷಮಾಪಣೆ ಬೇಡ, ಇನ್ನೂ ಮುಜುಗರ ಆಗುತ್ತದೆ. ಎರಡು ಕಾಫಿ ತೆಗೆದುಕೊಂಡು ಹೋಗು. 'ಹೋದ ವಾರ ನಾನು ತಿಳಿಯದೆ ಅಂದೆ. ಮೂರನೇ ಕ್ವಾರ್ಟರ್‌ನಲ್ಲಿ ಏನಾಯಿತು, ನನಗೆ ಅರ್ಥವಾಗಲಿಲ್ಲ' ಅಂತ ಕೇಳು. ಯಾವ ಪಂದ್ಯ ಆದರೂ ಪರವಾಗಿಲ್ಲ, ಎಸೆಂಡನ್‌ಗೆ ಮೂರನೇ ಕ್ವಾರ್ಟರ್‌ನಲ್ಲಿ ಏನಾದರೂ ಆಗಿಯೇ ಇರುತ್ತದೆ.

ಅಜ್ಜ ಹೋಗಿ ಮೂರು ವರ್ಷವಾಯಿತು. ಅವರ ಸೀಟಿನ ಚಂದಾ ನಾನೇ ಕಟ್ಟುತ್ತಿದ್ದೇನೆ, ಈಗ ಅದು ಖಾಲಿ. ಮುಂದಿನ ಪಂದ್ಯಕ್ಕೆ ಬಾ. ಕ್ರೇಗಿಬರ್ನ್ ರೈಲು ಹತ್ತು, ನಾನು ಮೂನಿ ಪಾಂಡ್ಸ್‌ನಲ್ಲಿ ಸೇರಿಕೊಳ್ಳುತ್ತೇನೆ. ಪುಳಿಯೋಗರೆ ನನ್ನದು. ದಪ್ಪ ಜಾಕೆಟ್ ಹಾಕಿಕೊಂಡು ಬಾ, ಮೇಲಿನ ಸಾಲಿನಲ್ಲಿ ಗಾಳಿ ಜಾಸ್ತಿ.