ಸ್ಕ್ಯಾನ್ ನಾರ್ಮಲ್, ನೋವು ಮಾತ್ರ ಹಾಗೇ ಇದೆ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಇಂಥವರು ಮತ್ತೆ ಮತ್ತೆ ಬರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಆಕೆಗೆ ನಲವತ್ತರ ಆಸುಪಾಸು. ಎರಡು ಸಿಸೇರಿಯನ್, ಆಮೇಲೊಂದು ಅಪೆಂಡಿಕ್ಸ್ ಆಪರೇಷನ್ ಆಗಿತ್ತು. ಎರಡು ವರ್ಷದಿಂದ ಹೊಟ್ಟೆಯೊಳಗೆ ಯಾರೋ ಹಿಡಿದು ಎಳೆದಂಥ ನೋವು. ಸ್ಕ್ಯಾನ್ ಎಲ್ಲ ನಾರ್ಮಲ್. ‘ಟೆನ್ಷನ್ ಇರಬೇಕು’ ಎಂದು ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಕಳಿಸಿದ್ದರು. ಮೊದಲ ಎರಡು ಭೇಟಿಯಲ್ಲಿ ನಾನೂ ಟೆನ್ಷನ್ನನ್ನೇ ಹುಡುಕಿದೆ. ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ. ಈಗ ನೆನೆದರೆ ಮುಜುಗರವಾಗುತ್ತದೆ.

ಮೂರನೇ ಸಲ ಆಕೆ ಹೇಳಿದರು: “ರಿಪೋರ್ಟ್‌ನಲ್ಲಿ ಏನಾದ್ರೂ ಬರಲಿ ಅಂತ ಬೇಡಿಕೊಂಡೇ ಸ್ಕ್ಯಾನ್‌ಗೆ ಹೋಗ್ತೀನಿ. ದೊಡ್ಡ ಕಾಯಿಲೆಯೇ ಆಗಲಿ. ಮನೆಯವರು ನಂಬ್ತಾರಲ್ಲ.”

ನಾನು ಪೆನ್ನು ಕೆಳಗಿಟ್ಟೆ. “ನಿಮ್ಮ ನೋವು ನಿಜ. ನಾನು ನಂಬ್ತೀನಿ.”

“ರಿಪೋರ್ಟ್ ಇಲ್ಲದೇನೇ?”

“ಇಲ್ಲದೇನೇ.”

ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, “ಹೊಟ್ಟೆ ಕೊಯ್ದು ನೋಡಿ ಅಂತ ಹಟ ಹಿಡೀಲಾ?” ಎಂದರು.

ಬೇಡ ಎಂದೆ. ನಾನು ಡಾಕ್ಟರ್ ಅಲ್ಲ. ‘ಇದು ನಿಮಗೆ ಸಂಬಂಧವಾ’ ಎಂದು ಸಹೋದ್ಯೋಗಿಯೊಬ್ಬರು ಆಮೇಲೆ ಕೇಳಿದ್ದೂ ಉಂಟು. ಸಂಬಂಧ ಇದೆ. ನಂಬಿಕೆ ಗಿಟ್ಟಿಸಲು ಒಬ್ಬರು ನಾಲ್ಕನೇ ಸಲ ಹೊಟ್ಟೆ ಕೊಯ್ಸಿಕೊಳ್ಳಲು ಹೊರಟರೆ ಅದು ನನ್ನ ಕೆಲಸವೇ.

ಹೊಟ್ಟೆಯ ಆಪರೇಷನ್ ಆದ ಹೆಚ್ಚಿನವರಲ್ಲಿ ಒಳಗೆ ಗಾಯದ ಕಲೆಯಂಥ ಪಟ್ಟಿಗಳು ಬೆಳೆಯುತ್ತವೆ. ಡಾಕ್ಟರುಗಳು ಅಡ್ಹೀಷನ್ ಎನ್ನುತ್ತಾರೆ. ಸಲೀಸಾಗಿ ಜಾರಾಡಬೇಕಾದ ಕರುಳು ಪಕ್ಕದ ಅಂಗಕ್ಕೋ ಹೊಟ್ಟೆಯ ಗೋಡೆಗೋ ಅಂಟಿಕೊಳ್ಳುತ್ತದೆ. ಸಾಮಾನ್ಯ ಸ್ಕ್ಯಾನ್‌ನಲ್ಲಿ ಈ ಪಟ್ಟಿಗಳು ಕಾಣುವುದು ಅಪರೂಪ. ಲ್ಯಾಪರೊಸ್ಕೋಪಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ನೋಡುವುದು, ಮಾಡಿದರೆ ಕಾಣಬಹುದು. ಆದರೆ ಬಹಳ ಜನರಿಗೆ ಇವು ಇದ್ದರೂ ತೊಂದರೆ ಕೊಡುವುದಿಲ್ಲ, ಹಾಗಾಗಿ ಕಂಡ ಮಾತ್ರಕ್ಕೆ ನೋವಿಗೆ ಅದೇ ಕಾರಣ ಎನ್ನಲೂ ಆಗದು. ಬಿಡಿಸಿದರೆ ಮತ್ತೆ ಅಂಟಿಕೊಳ್ಳಬಹುದು, ಯಾಕೆಂದರೆ ಬಿಡಿಸುವುದೂ ಒಂದು ಆಪರೇಷನ್ನೇ ಅಲ್ವಾ?

ಆದ್ದರಿಂದ ಸರ್ಜನ್ ಹತ್ತಿರ ವಾಪಸ್ ಹೋಗಿ, ‘ಇದು ಅಡ್ಹೀಷನ್ ಇರಬಹುದಾ, ಬೇರೇನಾದರೂ ಇರಬಹುದಾ’ ಎಂದು ನೇರ ಕೇಳಿ ಎಂದೆ. ಹಳೇ ಆಪರೇಷನ್ ಕಾಗದಗಳು ಜೊತೆಗಿರಲಿ. ನೋವು ಯಾವಾಗ ಬಂತು, ಏನು ತಿಂದಾಗ ಜಾಸ್ತಿಯಾಯಿತು ಎಂದು ಬರೆದಿಟ್ಟುಕೊಳ್ಳಿ. ನನ್ನ ಹತ್ತಿರ ಬರುವುದನ್ನೂ ಮುಚ್ಚಿಡಬೇಡಿ. ಆಪ್ತಸಲಹೆಗೆ ಬಂದವರ ನೋವೆಲ್ಲ ಮನಸ್ಸಿನದೇ ಎಂದು ಯಾರೂ ಬರೆದುಕೊಟ್ಟಿಲ್ಲ.

ಒಂದು ಮಾತನ್ನು ಮಾತ್ರ ಚೀಟಿಯಲ್ಲಿ ಬರೆದು ಗಂಡನಿಗೆ ತೋರಿಸಲು ಹೇಳಿದೆ. ಹಿಂಡಿದಂತೆ ಬಂದು ಬಂದು ಹೋಗುವ ನೋವು, ಉಬ್ಬಿದ ಹೊಟ್ಟೆ, ವಾಂತಿ, ಮಲವೂ ಇಲ್ಲ ಗಾಳಿಯೂ ಇಲ್ಲ ಎಂದರೆ ಬೆಳಗಾಗಲಿ ಎಂದು ಕಾಯಬಾರದು. ಸೀದಾ ತುರ್ತು ಚಿಕಿತ್ಸೆಗೆ ಹೋಗಬೇಕು. ಈ ಪಟ್ಟಿಗಳಿಂದ ಸಣ್ಣ ಕರುಳು ಕಟ್ಟಿಕೊಳ್ಳಬಹುದು, ಅದಕ್ಕೆ ರಕ್ತ ಹೋಗುವುದೂ ನಿಂತರೆ ಜೀವಕ್ಕೇ ಅಪಾಯ.

ಮುಂದಿನ ಭೇಟಿಗೆ ಗಂಡನೂ ಬಂದಿದ್ದರು, ಚೀಟಿ ಜೇಬಿನಲ್ಲಿತ್ತು. “ಗಾಳಿ ಹೋಯ್ತಾ ಅಂತ ದಿನಾ ಕೇಳ್ತಾರೆ ಮೇಡಂ,” ಎಂದು ಆಕೆ ನಕ್ಕರು. ನೋವು ಹಾಗೇ ಇತ್ತು. ಸರ್ಜನ್ ಭೇಟಿ ಮರುವಾರ.