ಓಣಿಯ ರಾಜ್ಯೋತ್ಸವ ಮೆರವಣಿಗೆಯನ್ನು ಪುರಸಭೆಗೆ ಬಿಟ್ಟುಕೊಡಬೇಕಾ?

ನಿಮ್ಮ ಪ್ರಶ್ನೆ ಓದಿ ನಮ್ಮೂರೇ ಕಣ್ಣ ಮುಂದೆ ಬಂತು. ನವೆಂಬರ್ 1ರ ಮೆರವಣಿಗೆಯನ್ನು ಇಷ್ಟು ವರ್ಷ ನೀವು ಹುಡುಗರೇ ಸೇರಿ ಮಾಡಿದ್ದೀರಿ. ಈ ಸಲ ಪುರಸಭೆಯವರು "ಇನ್ನು ನಾವೇ ಮಾಡ್ತೀವಿ" ಅಂದಿದ್ದಾರೆ. ಒಪ್ಪಬೇಕಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಪರವಾನಗಿ, ರಸ್ತೆ, ನೀರು, ಕರೆಂಟು ಅವರು ನೋಡಿಕೊಳ್ಳಲಿ. ಮೆರವಣಿಗೆ ಹೋಗುವ ದಾರಿ ಮತ್ತು ಪಟ್ಟಿ ಎತ್ತುವ ಕೆಲಸ, ಅಂದರೆ ಮನೆ-ಅಂಗಡಿಗಳಿಂದ ಚಂದಾ ಕೂಡಿಸುವುದು, ನಿಮ್ಮ ಕೈಯಲ್ಲೇ ಇರಲಿ.

ನಮ್ಮದು ಕಲಬುರಗಿ ಜಿಲ್ಲೆಯ ಒಂದು ಸಣ್ಣ ಊರು. ಒಂದು ಟ್ರ್ಯಾಕ್ಟರ್, ಅದರ ಮೇಲೆ ಭುವನೇಶ್ವರಿ ಫೋಟೋ, ಮುಂದೆ ಹಲಗೆಯವರು, ಹಿಂದೆ ಲೇಜಿಮ್ ಹಿಡಿದ ಶಾಲೆ ಮಕ್ಕಳು. ಒಂಬತ್ತು ವರ್ಷ ನಾವೇ ನಡೆಸಿದೆವು. ಒಂದು ವರ್ಷ ಟ್ರ್ಯಾಕ್ಟರ್ ಮೇಲಿನ ಬಾವುಟದ ಕೋಲು ಕರೆಂಟ್ ತಂತಿಗೆ ಗೇಣು ದೂರದಲ್ಲಿ ಹೋಯಿತು. ಏನೂ ಆಗಲಿಲ್ಲ, ಆದರೆ ಮರುವರ್ಷ ಪೊಲೀಸ್ ಪರವಾನಗಿಯ ಅರ್ಜಿಗೆ ಸಹಿ ಹಾಕಲು ಯಾರೂ ಮುಂದೆ ಬರಲಿಲ್ಲ. ಆ ಹೊತ್ತಿಗೆ ಪುರಸಭೆಯವರು ಕೇಳಿದರು. ನಾವು ಉಸ್ಸಪ್ಪಾ ಅಂತ ಕೊಟ್ಟುಬಿಟ್ಟೆವು.

ಮೊದಲ ವರ್ಷ ಪೆಂಡಾಲ್, ಕುರ್ಚಿ, ದೊಡ್ಡ ಸೌಂಡ್ ಸಿಸ್ಟಮ್ ಎಲ್ಲ ಬಂತು. ಒಂಬತ್ತಕ್ಕೆ ಹೊರಡಬೇಕಿದ್ದ ಮೆರವಣಿಗೆ ಅತಿಥಿಗಳಿಗಾಗಿ ಕಾದು ಹನ್ನೊಂದೂವರೆಗೆ ಹೊರಟಿತು. ಮಕ್ಕಳು ಬಿಸಿಲಲ್ಲೇ ನಿಂತಿದ್ದರು. ಹೊತ್ತಾಯಿತೆಂದು ಓಣಿಗಳನ್ನೆಲ್ಲ ಬಿಟ್ಟು ಮೇನ್ ರೋಡಿನಲ್ಲಷ್ಟೇ ಹೋಗಿ ಮುಗಿಸಿದರು.

ಅಗಸಿ ಹತ್ತಿರದ ಓಣಿಯಲ್ಲಿ ಒಬ್ಬ ಆಯಿ ಇದ್ದರು. ಪ್ರತಿ ವರ್ಷ ಬಾಗಿಲ ಮುಂದೆ ರಂಗೋಲಿ ಹಾಕಿ, ಕೊಡ ನೀರು ಇಟ್ಟುಕೊಂಡು, ಮಕ್ಕಳ ಕೈಗೆ ಬೆಲ್ಲ-ಪುಟಾಣಿ ಕೊಡುತ್ತಿದ್ದರು. ಅವರ ಅಪ್ಪ ನಿಜಾಮರ ಕಾಲದವರು. ಶಾಲೆಯಲ್ಲಿ ಓದಿದ್ದು ಉರ್ದು, ಕನ್ನಡ ಅಕ್ಷರ ಕಲಿತದ್ದು ಮನೆಯಲ್ಲಿ. ನಮ್ಮ ಭಾಗ 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆಯಿಂದ ಬಿಡುಗಡೆಯಾದರೂ, ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಹಾಗಾಗಿ ಇಲ್ಲಿಯ ಹಿರಿಯರಿಗೆ ಆ ದಿನದ ತೂಕವೇ ಬೇರೆ. ಆ ವರ್ಷ ಆಯಿ ಮಧ್ಯಾಹ್ನದವರೆಗೂ ಕಟ್ಟೆ ಮೇಲೆ ಕೂತಿದ್ದರಂತೆ. ಸಂಜೆ ನಾನು ಹೋದಾಗ ಬೆಲ್ಲದ ಬುಟ್ಟಿ ಹಾಗೇ ಇತ್ತು. "ಈ ಸಲ ಮೆರವಣಿಗಿ ಇರಲಿಲ್ಲೇನಪ್ಪಾ?" ಅಂತ ಕೇಳಿದರು. ನನಗೆ ಇವತ್ತಿಗೂ ಆ ಮಾತು ಮರೆಯಲು ಆಗಿಲ್ಲ.

ಅಧಿಕಾರಿಗಳು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಯಾವ ಓಣಿಯಲ್ಲಿ ಯಾರು ಕಾಯುತ್ತಾರೆ ಅನ್ನೋದು ಅವರ ಫೈಲಿನಲ್ಲಿ ಇರುವುದಿಲ್ಲ, ಅಷ್ಟೇ. ಇದ್ದವರು ಕಲಿಯುವಷ್ಟರಲ್ಲಿ ವರ್ಗವಾಗುತ್ತದೆ. ಸದಸ್ಯರ ಅವಧಿ ಮುಗಿದರೆ ಆಡಳಿತಾಧಿಕಾರಿ ಬರುತ್ತಾರೆ, ಅವರಿಗೆ ಎಲ್ಲವೂ ಹೊಸದು.

ಕಲಬುರಗಿಯಲ್ಲಿ ಶರಣಬಸವೇಶ್ವರರ ಜಾತ್ರೆ ನೋಡಿದ್ದೀರಲ್ವಾ? ಪೊಲೀಸರು ಬಂದೋಬಸ್ತು ಮಾಡುತ್ತಾರೆ, ತೇರಿನ ಹಗ್ಗ ಎಳೆಯುವುದು ಭಕ್ತರೇ. ಬಂದೇ ನವಾಜ್ ಉರುಸಿನ ಸಂದಲ್ ಮೆರವಣಿಗೆಯೂ ಹಾಗೇ. ನಿಮ್ಮ ಊರಲ್ಲೂ ಅದೇ ಲೆಕ್ಕ ಇಟ್ಟುಕೊಳ್ಳಿ.

ನಾವು ಮರುವರ್ಷ ಅರ್ಜಿ ಬರೆದುಕೊಂಡು ಹೋದೆವು. ದಾರಿ ನಾವು ಹೇಳಿದ್ದೇ ಆಗಬೇಕು, ಯಾರು ಬರಲಿ ಬಿಡಲಿ ಒಂಬತ್ತಕ್ಕೆ ಹೊರಡಬೇಕು, ಭಾಷಣ ಕೊನೆಯಲ್ಲಿ ಇರಲಿ ಅಂತ. ವಾದ ಆಯಿತು, ಒಪ್ಪಿದರು. ಕರೆಂಟ್ ಕಂಪನಿ ಜೆಸ್ಕಾಂನವರಿಗೆ ಹೇಳಿ ಸ್ವಲ್ಪ ಹೊತ್ತು ಲೈನ್ ಬಂದ್ ಮಾಡಿಸುವುದು, ಚರಂಡಿ ಮೇಲೆ ಕಲ್ಲು ಮುಚ್ಚಿಸುವುದು, ನೀರಿನ ಟ್ಯಾಂಕರ್ ಎಲ್ಲ ಈಗ ಅವರದು. ನಿಜ ಹೇಳಬೇಕೆಂದರೆ ನಮಗಿಂತ ಚೆನ್ನಾಗಿ ಮಾಡುತ್ತಾರೆ.

ಪಟ್ಟಿ ಎತ್ತುವುದನ್ನು ಮಾತ್ರ ನಾವು ಒಂದು ವರ್ಷ ನಿಲ್ಲಿಸಿ ದೊಡ್ಡ ತಪ್ಪು ಮಾಡಿದೆವು. ಸರ್ಕಾರಿ ಬಿಲ್ಲು ಪಾಸಾಗಿ ಹಲಗೆಯವರ ಕೈಗೆ ದುಡ್ಡು ಸೇರಲು ತಿಂಗಳುಗಳೇ ಬೇಕಾದವು. ಮೊದಲು ಅದೇ ಸಂಜೆ ಕೊಟ್ಟು, ಊಟ ಹಾಕಿಸಿ ಕಳಿಸುತ್ತಿದ್ದೆವು. ಇನ್ನೊಂದು, ಐವತ್ತು ರೂಪಾಯಿ ಕೊಟ್ಟ ಅಂಗಡಿಯವನು ಮೆರವಣಿಗೆ ಬಂದಾಗ ಹೊರಗೆ ಬಂದು ನಿಲ್ಲುತ್ತಾನೆ. ಕೊಡದವನು ಒಳಗೇ ಕೂತು ವ್ಯಾಪಾರ ಮಾಡುತ್ತಾನೆ. ಈಗ ಮತ್ತೆ ಎತ್ತುತ್ತಿದ್ದೇವೆ, ಆದರೆ ನಿಂತುಹೋದ ಎಷ್ಟೋ ಮನೆಗಳು ಇನ್ನೂ ವಾಪಸ್ ಬಂದಿಲ್ಲ.

ಪುರಸಭೆಗೆ ಹೋಗುವ ಮುಂಚೆ ಒಂದು ನೋಟ್‌ಬುಕ್ ತೊಗೊಂಡು ಕೂತ್ಕೊಳ್ಳಿ. ಯಾವ ಓಣಿ ಆದಮೇಲೆ ಯಾವ ಓಣಿ, ಎಲ್ಲಿ ತಂತಿ ಕೆಳಗಿದೆ, ಯಾರ ಮನೆ ಮುಂದೆ ನಿಲ್ಲಬೇಕು, ಹಲಗೆಯವರಿಗೆ ಎಷ್ಟು, ಎಲ್ಲ ಬರೆಯಿರಿ. ಒಂದು ಪ್ರತಿ ಅವರಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಇನ್ನೊಂದು ಓಣಿಯ ಸಣ್ಣ ಹುಡುಗರ ಹತ್ತಿರ ಇರಲಿ.